ಅಕ್ಕನ ಹೆಸರಿನ ಫೋನು

ಯೊಸು,
ಸೆಪ್ಟೆಂಬರ್ 4

ದಾರೆ,

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಐದು ನಿಮಿಷದೊಳಗೆ ಜಗಳಕ್ಕೆ ಬೀಳುತ್ತೇವೆ, ಅದಕ್ಕೇ ಈ ಕಾಗದ. ಅಮ್ಮ ಹೋದ ಮೇಲೆ ನಾವು ಮಾಡಿಕೊಂಡ ಒಪ್ಪಂದಗಳಲ್ಲಿ ಇನ್ನೂ ಉಳಿದಿರುವುದು ಇದೊಂದೇ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವುದಕ್ಕಾಗುವುದಿಲ್ಲ, ನನಗೆ ಅದೇ ಸುಖ.

ಈ ಸಲ ಮನಸ್ಸು ಸರಿಯಿಲ್ಲ ಕಣೆ. ನಮ್ಮ ಶಾಲೆಯಲ್ಲಿ ಸೊದಾಮ್ ಅಂತ ಒಬ್ಬ ಹುಡುಗಿ ಇದ್ದಾಳೆ, ಮಿಡ್ಲ್ ಸ್ಕೂಲಿನ ಕೊನೆಯ ವರ್ಷ, ವಾಲಿಬಾಲ್ ತಂಡದವಳು. ಯಾರೋ ಪಾಪಿಗಳು ತಂಡದ ಫೋಟೊದಿಂದ ಅವಳ ಮುಖ ಕತ್ತರಿಸಿ, ಎಲ್ಲಿಯದೋ ಹೊಲಸು ಚಿತ್ರಕ್ಕೆ ಅಂಟಿಸಿ ಫೋನಿನಿಂದ ಫೋನಿಗೆ ಹಂಚಿದ್ದಾರೆ. ಈಗ ಅದಕ್ಕೆ ಕಂಪ್ಯೂಟರೇ ಸಾಕಂತೆ, ಕೈಚಳಕವೂ ಬೇಡ. ಮಗು ಶಾಲೆಗೆ ಬರುತ್ತದೆ, ತರಗತಿಗೆ ಹೋಗುವುದಿಲ್ಲ. ನೇರವಾಗಿ ನನ್ನ ಆರೋಗ್ಯ ಕೊಠಡಿಗೆ ಬಂದು, ಮೂಲೆಯ ಹಾಸಿಗೆಯಲ್ಲಿ ಪರದೆ ಎಳೆದುಕೊಂಡು ಸಂಜೆವರೆಗೂ ಮಲಗುತ್ತದೆ. ನಾನು ಹಣೆ ಮುಟ್ಟಿ ಜ್ವರ ನೋಡುತ್ತೇನೆ. ಜ್ವರ ಎಲ್ಲಿರುತ್ತದೆ? ನನಗೆ ಬೇರೇನು ಮಾಡಬೇಕೋ ತಿಳಿಯದೆ ನೋಡುತ್ತೇನೆ, ಅಷ್ಟೇ.

ಪೋಷಕರ ಸಂಘದ ಕಾರ್ಯದರ್ಶಿ, ಗೂ ಎನ್ನುವ ಹೆಂಗಸೂ ನಾನೂ ಸೇರಿ ಸಹಿ ಸಂಗ್ರಹಿಸುತ್ತಿದ್ದೇವೆ. ಹೊಸ ನಿಯಮ ಬರೆಯಲು ಸೋಲ್‌ನಲ್ಲಿ ಒಂದು ಸಮಿತಿ ಕೂತಿದೆ, ನವೆಂಬರಿನಲ್ಲಿ ಜನರ ಅಹವಾಲು ಕೇಳುತ್ತದೆ. ಅಂತರ್ಜಾಲದ ಅಶ್ಲೀಲ ವಸ್ತುವನ್ನೆಲ್ಲ, ವಿಡಿಯೊ ಇರಲಿ, ಕಂತುಕಂತಾಗಿ ಬರುವ ಕಾಮಿಕ್ ಚಿತ್ರಕಥೆ ಇರಲಿ, ಒಂದೇ ಏಟಿಗೆ ಮುಚ್ಚಿ ಎನ್ನುವುದು ನಮ್ಮ ಬೇಡಿಕೆ. ಉದಾಹರಣೆಗೆ ಅಂತ ಗೂ ಅವರು ‘ಇವತ್ತು ಸ್ನಾನದ ಮನೆಗೆ ರಜೆ’ ಎಂಬ ಚಿತ್ರಕಥೆಯ ಹೆಸರನ್ನು ಎಲ್ಲಕ್ಕಿಂತ ಮೇಲೆ ಹಾಕಿದ್ದಾರೆ. ಬಹಳ ಜನ ಓದುತ್ತಾರಂತೆ. ನಾಚಿಕೆಗೇಡು.

ನಿನ್ನಿಂದ ಒಂದು ಉಪಕಾರ ಆಗಬೇಕು. ಪಠ್ಯಪುಸ್ತಕಕ್ಕೆ ಕಪ್ಪೆ, ಚಿಟ್ಟೆ ಬರೆಯುವ ಕೈ ನಿನ್ನದು. ನಮಗೊಂದು ಪೋಸ್ಟರ್ ಬರೆದುಕೊಡು. ‘ಅಶ್ಲೀಲಕ್ಕೆ ಬಾಗಿಲು ಹಾಕಿ’ ಎಂಬ ಸಾಲು ದೊಡ್ಡದಾಗಿ ಇರಲಿ.

ಇನ್‌ಸುಕ್ ಅಕ್ಕ


ಬುಚನ್,
ಸೆಪ್ಟೆಂಬರ್ 19

ಅಕ್ಕ,

ಹಬ್ಬಕ್ಕೆ ಬರಲಾಗಲಿಲ್ಲ, ಬೈಯಬೇಡ. ಕೆಲಸ ಕುತ್ತಿಗೆಯವರೆಗೂ ಇತ್ತು. ಅಮ್ಮನ ಎಡೆಗೆ ನೀನೊಬ್ಬಳೇ ಎಲ್ಲ ಮಾಡಿದೆ ಎಂದು ಗೊತ್ತು, ಬೈದರೂ ಬೈಸಿಕೊಳ್ಳುತ್ತೇನೆ.

ಸೊದಾಮ್ ವಿಷಯ ಓದಿದೆ. ಊಟ ಮಾಡುತ್ತಾಳಾ? ಯಾರಾದರೂ ಗೆಳತಿ ಬಂದು ಕೂರುತ್ತಾಳಾ? ಮಾಡಿದವನು ಸಿಕ್ಕನಾ?

ಪೋಸ್ಟರ್ ಕಳಿಸಿದ್ದೇನೆ. ಸಾಲು ಮಾತ್ರ ಬದಲಾಯಿಸಿದೆ. ‘ಅವಳು ಒಪ್ಪಿರಲಿಲ್ಲ’ ಎಂದು ಬರೆದಿದ್ದೇನೆ. ನೀನು ಹೇಳಿದ ಸಾಲು ಬರೆಯಲು ಕೂತರೆ ಕೈ ಏಳಲಿಲ್ಲ. ಸೊದಾಮಳಿಗೆ ಆದದ್ದು ಜೀವಂತ ಮಗುವಿನ ಮುಖ ಕದ್ದದ್ದು. ಚಿತ್ರಕಥೆ ಯಾರೋ ಕೂತು ಕಲ್ಪಿಸಿ ಗೀಚಿದ್ದು, ಅದರಲ್ಲಿ ಯಾರ ಮುಖವೂ ಇಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಯಾಕೆ ಹಾಕುತ್ತೀರಿ? ಆ ಸ್ನಾನದ ಮನೆಯ ಕಥೆಯನ್ನು ನೀನು ನೋಡಿದ್ದೀಯಾ? ನಾನು ಹೆಸರು ಕೇಳಿದ್ದೇನೆ, ಅಷ್ಟೇ. ಬರೆಯುವವರು ಯಾರೋ ಏನೋ.

ಚಳಿ ಶುರುವಾಗುತ್ತಿದೆ, ಮಂಡಿಗೆ ಎಣ್ಣೆ ಹಚ್ಚಿಕೋ.

ದಾರೆ


ಯೊಸು,
ಅಕ್ಟೋಬರ್ 2

ದಾರೆ,

ನಿನ್ನನ್ನು ಕೇಳಿದ್ದು ಚಿತ್ರ, ಭಾಷಣವಲ್ಲ. ಗೂ ಅವರು ಪೋಸ್ಟರ್ ನೋಡಿ, “ಚಿತ್ರ ಏನೋ ಚೆನ್ನಾಗಿದೆ ಟೀಚರ್, ಆದ್ರೆ ಇದೇನು, ಯಾವಳು, ಏನು ಒಪ್ಪಿರ್ಲಿಲ್ಲ? ಓದ್ದೋರಿಗೆ ತಲೆಬುಡ ತಿಳಿಯಲ್ಲ” ಅಂದರು. ಒಂದು ನಕಲು ತೆಗೆದು, ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿ ನಮ್ಮ ಸಾಲನ್ನೇ ಬರೆಸಿದ್ದೇವೆ. ನಿನ್ನ ಮೂಲ ಪ್ರತಿ ನನ್ನ ಕೊಠಡಿಯ ಗೋಡೆಯ ಮೇಲಿದೆ, ಎಸೆಯಲು ಮನಸ್ಸಾಗಲಿಲ್ಲ.

ಸೊದಾಮ್ ಎರಡು ತುತ್ತು ತಿಂದು ಬಿಡುತ್ತಾಳೆ. ಗೆಳತಿಯರು ಬಂದರೆ ನಿದ್ದೆ ಬಂದವಳ ಹಾಗೆ ಬಿದ್ದುಕೊಳ್ಳುತ್ತಾಳೆ. ಮಾಡಿದವನು ಪಕ್ಕದ ಶಾಲೆಯವನು ಎಂದು ಪೊಲೀಸರು ಹೇಳಿದರು. ಅವನ ತಂದೆ ಬಂದು, “ಹುಡುಗರು, ತಮಾಷೆಗೆ ಮಾಡಿದ್ದು” ಅಂದ. ಆ ತಮಾಷೆಗೆ ನಾನು ಅವನ ಮುಖಕ್ಕೆ ಬಾಗಿಲು ಹಾಕಿದೆ.

ಸಮಿತಿಯ ಮುಂದೆ ಮಾತಾಡಲು ಸಂಘದವರು ನನ್ನನ್ನೇ ಆರಿಸಿದ್ದಾರೆ. ಆ ಸ್ನಾನದ ಮನೆ ಕಥೆಯಿಂದ ನಾಲ್ಕು ಸಾಲು ಓದಿ ತೋರಿಸಿ, ಅಸಹ್ಯ ಹುಟ್ಟಲಿ ಎಂದು ಗೂ ಅವರ ಸಲಹೆ. ನೀನು ಕೇಳಿದ ಒಂದು ಮಾತು ಮಾತ್ರ ಸರಿ, ನಾನು ಅದನ್ನು ನೋಡಿಲ್ಲ. ನೋಡದೆ ಬೈಯುವುದು ನನಗೂ ಸೇರುವುದಿಲ್ಲ. ನೋಡಿಯೇ ಬೈಯುತ್ತೇನೆ. ದೊಡ್ಡವರು ಹೌದೋ ಅಲ್ಲವೋ ಎಂದು ಆ ಕಥೆಯ ತಾಣ, ಫೋನು ಯಾರ ಹೆಸರಿನಲ್ಲಿದೆಯೋ ಅವರ ಗುರುತು ಕೇಳುತ್ತದಂತೆ. ಕೇಳಲಿ. ಇನ್ನೇನು ಐವತ್ತು ತುಂಬುತ್ತದೆ, ನನಗಿಂತ ದೊಡ್ಡವರು ಬೇಕಾ ಅದಕ್ಕೆ?

ಇನ್‌ಸುಕ್


ಯೊಸು,
ಅಕ್ಟೋಬರ್ 5

ದಾರೆ,

ನಿನ್ನ ಫೋನು ನನ್ನ ಹೆಸರಿನಲ್ಲಿದೆ ಎನ್ನುವುದು ನೆನಪಿದೆಯಾ?

ನನಗೂ ಮರೆತಿತ್ತು. ನೀನು ಹತ್ತೊಂಬತ್ತಕ್ಕೆ ಪೆಟ್ಟಿಗೆ ಹಿಡಿದು ಸೋಲ್‌ಗೆ ಹೊರಟಾಗ, ಇಪ್ಪತ್ತು ತುಂಬದವರ ಹೆಸರಿಗೆ ಫೋನು ಕೊಡುವುದಿಲ್ಲ ಎಂದು ಅಂಗಡಿಯವನು ಹಟ ಹಿಡಿದ, ನಾನು ನನ್ನ ಗುರುತು ಕೊಟ್ಟು ತೆಗೆಸಿಕೊಟ್ಟೆ. ಆಮೇಲೆ ಬದಲಾಯಿಸಬೇಕು ಬದಲಾಯಿಸಬೇಕು ಎಂದು ಇಬ್ಬರೂ ಹೇಳುತ್ತಲೇ ಬಂದೆವು.

ನಿನ್ನೆ ಆ ಕಥೆಯ ತಾಣಕ್ಕೆ ಹೋಗಿ ನನ್ನ ಹೆಸರು, ನನ್ನ ಫೋನು, ಬಂದ ಅಂಕಿ ಎಲ್ಲ ಒತ್ತಿದೆ. ಪರದೆಯ ಮೇಲೆ ಏನು ಬಂತು ಗೊತ್ತಾ? ‘ಪ್ಯೊ ಇನ್‌ಸುಕ್ ಅವರೇ, ನೀವು ಈಗಾಗಲೇ ನಮ್ಮ ಸದಸ್ಯರು. ಬಳಕೆಯ ಹೆಸರು: ಕಲ್ಲೇಡಿ. ದರ್ಜೆ: ಲೇಖಕರು. ಕೃತಿ: ಇವತ್ತು ಸ್ನಾನದ ಮನೆಗೆ ರಜೆ.’

ಹಿಡಿದದ್ದನ್ನು ಬಿಡುವುದಿಲ್ಲ ಎಂದು ಅಮ್ಮ ಈ ಭೂಮಿಯ ಮೇಲೆ ಒಬ್ಬಳನ್ನೇ ಕಲ್ಲೇಡಿ ಎಂದು ಕರೆಯುತ್ತಿದ್ದದ್ದು. ಕಪ್ಪೆ, ಚಿಟ್ಟೆ ಅಂದೆಯಲ್ಲ ಇಷ್ಟು ವರ್ಷ! ಅಮ್ಮನಿಟ್ಟ ಹೆಸರನ್ನು ಇಂಥದಕ್ಕೆ ಅಂಟಿಸಲು ನಿನಗೆ ಮನಸ್ಸು ಹೇಗೆ ಬಂತು? ಸೊದಾಮ್ ವಿಷಯ ಬರೆದಾಗಲೂ ‘ಬರೆಯುವವರು ಯಾರೋ ಏನೋ’ ಎಂದು ಬರೆದೆಯಲ್ಲ, ಆ ಸಾಲು ಓದಿ ಓದಿ ಮೈ ಉರಿಯುತ್ತಿದೆ.

ಉತ್ತರ ಬರೆಯಬೇಡ.

ಇನ್‌ಸುಕ್


ಬುಚನ್,
ಅಕ್ಟೋಬರ್ 9

ಅಕ್ಕ,

ಬೇಡ ಅಂದರೂ ಬರೆಯುತ್ತೇನೆ, ಕಲ್ಲೇಡಿ ಅಲ್ಲವಾ.

ಸುಳ್ಳು ಹೇಳಿದ್ದು ನಿಜ. ಕಪ್ಪೆ ಚಿಟ್ಟೆ ಬರೆಯುವುದು ನಿಲ್ಲಿಸಿ ನಾಲ್ಕು ವರ್ಷವಾಯಿತು. ಮೊದಲು ಬರಿ ಓದಲು ಎಂದು ಖಾತೆ ತೆರೆದೆ, ಆಮೇಲೆ ನನ್ನ ಕಥೆ ಕಳಿಸಿದೆ, ಅವರು ಅದೇ ಖಾತೆಗೆ ಲೇಖಕಿ ಎಂದು ಪಟ್ಟ ಕಟ್ಟಿದರು. ಫೋನಿನ ಮೂಲಕ ಅದು ನಿನ್ನ ಹೆಸರಿಗೆ ಅಂಟಿಕೊಂಡಿರುತ್ತದೆ ಎಂದು ನನ್ನ ಮಂದ ತಲೆಗೆ ಹೊಳೆಯಲೇ ಇಲ್ಲ. ಅದಕ್ಕೆ ನೂರು ಸಲ ಕ್ಷಮೆ ಕೇಳುತ್ತೇನೆ.

ಆದರೆ ಬರೆದದ್ದಕ್ಕೆ ಕೇಳುವುದಿಲ್ಲ. ಐವತ್ತೆರಡು ವರ್ಷದ, ಗಂಡನನ್ನು ಬಿಟ್ಟ ಹೆಂಗಸು ಸಾರ್ವಜನಿಕ ಸ್ನಾನದ ಮನೆ ನಡೆಸುತ್ತಾಳೆ. ಬಾಯ್ಲರ್ ರಿಪೇರಿಗೆ ಬರುವವನ ಮೇಲೆ ಅವಳಿಗೆ ಆಸೆ ಹುಟ್ಟುತ್ತದೆ. ವಾರದ ರಜೆಯ ದಿನ ಇಬ್ಬರೂ ಸೇರುತ್ತಾರೆ. ಅದನ್ನು ನಾನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಐವತ್ತು ದಾಟಿದ ಹೆಂಗಸರಿಗೆ ಮೈಯೆಂದರೆ ನೋವು, ಆಪರೇಷನ್ನು ಇಷ್ಟೇ ಎಂದು ಕೇಳಿ ಕೇಳಿ ನನಗೆ ಸಾಕಾಗಿತ್ತು. ಇದರಲ್ಲಿ ಯಾರನ್ನು ಕದ್ದಿದ್ದೇನೆ ಹೇಳು? ದೊಡ್ಡವರು ಬರೆದು, ದೊಡ್ಡವರು ಓದಿ, ತಮ್ಮ ಪಾಡಿಗೆ ಇರುವುದನ್ನು ಮುಚ್ಚಿಸಲು ನಿಮ್ಮ ಸಂಘ ಯಾರು?

ಓದು. ಓದಿ ಆಮೇಲೆ ಬೈ. ನೀನೇ ಹಾಗೆ ಅಂದದ್ದು.

ದಾರೆ


ಬುಚನ್,
ನವೆಂಬರ್ 3

ಅಕ್ಕ,

ಕಾಗದವಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಅಷ್ಟೊಂದು ಅಸಹ್ಯವಾಯಿತಾ?

ಹಿಂದಿನ ಕಾಗದದಲ್ಲಿ ಜೋರು ಮಾಡಿದೆ. ಈಗ ಒಂದೇ ಮಾತು. ನೀನು ನಿಲ್ಲಿಸು ಅಂದರೆ ನಿಲ್ಲಿಸುತ್ತೇನೆ. ನೀನು ಸರಿ ಎಂದು ಒಪ್ಪಿ ಅಲ್ಲ. ನನಗೆ ಉಳಿದಿರುವುದು ನೀನೊಬ್ಬಳೇ, ಅದಕ್ಕೆ. ಅಕ್ಕ ಇಲ್ಲದೆ ಕಥೆ ಇಟ್ಟುಕೊಂಡು ಏನು ಮಾಡಲಿ?

ದಾರೆ


ಯೊಸು,
ನವೆಂಬರ್ 11

ದಾರೆ,

ಅಯ್ಯೋ ಹುಚ್ಚಿ. ನಿಲ್ಲಿಸಬೇಡ. ಬೈಯುವುದು ಬೇಕಾದಷ್ಟಿದೆ, ಮೊದಲು ಪೂರ್ತಿ ಓದು.

ಹಿಂದಿನ ಕಾಗದದಲ್ಲಿ ಒಂದು ವಿಷಯ ಬಿಟ್ಟಿದ್ದೆ. ಆ ದಿನ ಆ ತಾಣ ತೆರೆದಾಗ ಪಕ್ಕದಲ್ಲಿ ಗೂ ಅವರೂ ಇದ್ದರು. ನನ್ನ ಹೆಸರು, ಕೆಳಗೆ ‘ಲೇಖಕರು’ ಎಂಬುದನ್ನು ಓದಿ ಕಣ್ಣುಕಣ್ಣು ಬಿಟ್ಟರು.

“ಟೀಚರ್, ಇದೇನ್ರಿ ಇದು? ಕಲ್ಲೇಡಿ ಅಂದ್ರೆ ನೀವಾ?”

“ಹೌದು” ಅಂದೆ.

ಯಾಕೆ ಅಂದೆನೋ. ನಿನ್ನ ಮೇಲೆ ಕೊಲ್ಲುವಷ್ಟು ಸಿಟ್ಟಿತ್ತು, ಆದರೂ ನಿನ್ನ ಹೆಸರನ್ನು ಆ ಹೆಂಗಸಿನ ಕೈಗೆ ಕೊಡಲು ನಾಲಿಗೆ ಹೊರಳಲಿಲ್ಲ. ಮಧ್ಯಾಹ್ನದ ಊಟದೊಳಗೆ ಊರಿಗೆಲ್ಲ ಗೊತ್ತಾಯಿತು. ಆರೋಗ್ಯ ಕೊಠಡಿಯ ಟೀಚರ್ ಹೊಲಸು ಕಥೆ ಬರೆಯುತ್ತಾಳೆ! ಮೀನಿನ ಅಂಗಡಿಯವನು ಬಾಕಿ ಚಿಲ್ಲರೆ ಕೊಡುವಾಗ ನನ್ನ ಮುಖ ನೋಡುವುದಿಲ್ಲ. ಮುಖ್ಯೋಪಾಧ್ಯಾಯರು ಕರೆಸಿ, ವಿವರಣೆ ಕೊಡಿ, ಅಲ್ಲಿಯವರೆಗೆ ಸಮಿತಿಯ ಮುಂದೆ ಹೋಗುವುದು ಬೇಡ ಅಂದರು. ಈ ತಿಂಗಳ ಕೊನೆಗೆ ನನ್ನನ್ನು ಕೊಠಡಿಯಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರಂತೆ. ನಾನು ಹೋದರೆ ಕೊಠಡಿಗೆ ಬೀಗ. ಸೊದಾಮ್ ಎಲ್ಲಿ ಹೋಗಬೇಕು? ಅದನ್ನು ನೆನೆದು ನಿದ್ದೆಯಿಲ್ಲ.

ಹೇಗೂ ಲೇಖಕಿ ಎಂಬ ಹೆಸರು ಬಂತಲ್ಲ, ಏನು ಬರೆದಿದ್ದೇನೆ ನೋಡೋಣ ಎಂದು ನನ್ನ ಹೆಸರಿಗೇ ತೆರೆಯುವ ನಿನ್ನ ಖಾತೆಯಲ್ಲೇ ಕಥೆ ಓದಿದೆ. ಮೊದಲಿನಿಂದ ಕೊನೆವರೆಗೂ. ಕೆಲವು ಕಡೆ ಫೋನು ಬೋರಲು ಹಾಕಿ ನೀರು ಕುಡಿದು ಬಂದೆ. ಇಷ್ಟೆಲ್ಲ ಬಿಡಿಸಿ ತೋರಿಸಬೇಕಾ, ನನ್ನ ತಂಗಿಯ ಕೈಯಾ ಇದು, ಅನ್ನಿಸಿತು. ಈಗಲೂ ಅನ್ನಿಸುತ್ತದೆ. ಆದರೆ ಒಂದು ರಜೆಯ ದಿನ ಅವನು ಬಂದಾಗ ಅವಳು “ಇವತ್ತು ಬೇಡ” ಅನ್ನುತ್ತಾಳೆ, ಅವನು ಸುಮ್ಮನೆ ಕಾಲುಚೀಲ ಹಾಕಿಕೊಂಡು, ಗೆಣಸು ಬೇಯಿಸಲು ಒಲೆ ಹಚ್ಚುತ್ತಾನಲ್ಲ, ಅಲ್ಲಿ ನನಗೆ ಅಳು ಬಂತು. ನನ್ನ ಸಂಸಾರದಲ್ಲಿ ಅಂಥ ಒಂದು ದಿನವೂ ಇರಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ, ನೀನೂ ಹೇಳಬೇಡ.

ಇನ್ನು ಬೈಗುಳ. ನಿಮ್ಮ ತಾಣದ ಕಾವಲು ಶುದ್ಧ ನಾಟಕ. ನಮ್ಮ ಶಾಲೆಯ ಮಕ್ಕಳು ತಾಯಂದಿರ ಫೋನು ಹಿಡಿದು ಸಲೀಸಾಗಿ ಒಳಗೆ ಹೋಗಿದ್ದಾರೆ. ಐವತ್ತರ ನನ್ನನ್ನು ತಡೆದು ನಿಲ್ಲಿಸುವ ಬಾಗಿಲು, ಹದಿಮೂರರವರನ್ನು ಬಿಡುತ್ತದೆ. ‘ದೊಡ್ಡವರು ಬರೆದು ದೊಡ್ಡವರು ಓದಿ’ ಎಂದು ಬರೆದೆಯಲ್ಲ, ಬಂದು ನೋಡು.

ನಿನ್ನೆ ಆದದ್ದನ್ನು ಹೇಳಲೇಬೇಕು. ಸಂಘದ ಮನವಿ ನನ್ನ ಮೇಜಿನ ಮೇಲಿತ್ತು. ಸೊದಾಮ್ ಪರದೆ ಸರಿಸಿ ಎದ್ದು ಬಂದು ಓದಿದಳು. ಸೊದಾಮಳ ಹೆಸರಿಲ್ಲದೆ ಅವಳ ಪ್ರಕರಣ ಬರೆದು, ಪಕ್ಕದಲ್ಲಿ ‘ಅಶ್ಲೀಲ ವಸ್ತು’ ಎಂದು ಹಾಕಿದ್ದೆವು. ಬಹಳ ದಿನದ ಮೇಲೆ ಬಾಯಿ ಬಿಟ್ಟಳು.

“ಟೀಚರ್, ಆ ಚಿತ್ರದಲ್ಲಿ ನಂದು ಇರೋದು ಮುಖ ಒಂದೇ. ನನ್ನ ಮುಖ ಅಶ್ಲೀಲನಾ?”

ದಾರೆ, ಆ ಪದವನ್ನು ಊರೆಲ್ಲ ಹಂಚಿದವಳು ನಾನೇ. ಅವಳು ಗೋಡೆಯ ಮೇಲಿನ ನಿನ್ನ ಪೋಸ್ಟರ್ ತೋರಿಸಿ, “ಇದನ್ನ ಬರೆದೋರಿಗೆ ಗೊತ್ತು” ಅಂದು ಮತ್ತೆ ಹೋಗಿ ಮಲಗಿದಳು. ನಾನು ಮನವಿಯನ್ನು ಹೊಸದಾಗಿ ಬರೆದಿದ್ದೇನೆ. ಸಮಿತಿಯ ಮುಂದೆ ಓದಲು ಯಾರೂ ಇಲ್ಲ, ಅಷ್ಟೇ.

ಇನ್‌ಸುಕ್


ಬುಚನ್,
ನವೆಂಬರ್ 14

ಅಕ್ಕ,

ನಿನಗೆ ತಲೆ ಕೆಟ್ಟಿದೆಯಾ? “ಹೌದು” ಅಂತೆ! ಒಂದು ತಿಂಗಳು ಊರೆಲ್ಲ ನಿನ್ನ ಮೇಲೆ ಉಗಿಯುವಾಗ ನಾನು ಇಲ್ಲಿ ಕೂತು, ಅಕ್ಕನಿಗೆ ನನ್ನ ಮೇಲೆ ಅಸಹ್ಯ ಎಂದು ಅಳುತ್ತಿದ್ದೆ. ನೀನು ಚಿಕ್ಕಂದಿನಿಂದಲೂ ಹೀಗೇ. ಜಾಡಿ ಒಡೆದವಳು ನಾನು, ಒದೆ ತಿಂದವಳು ನೀನು, ಆಮೇಲೆ ವಾರಗಟ್ಟಲೆ ನನ್ನ ಹತ್ತಿರ ಮಾತಿಲ್ಲ.

ಹೊಸ ಮನವಿಯನ್ನು ಇವತ್ತೇ ನನಗೆ ಕಳಿಸು. ಸಮಿತಿ ಕೂರುವ ಜಾಗಕ್ಕೆ ನನ್ನ ಮನೆಯಿಂದ ಒಂದೇ ರೈಲು. ನಾನು ಓದುತ್ತೇನೆ. ನನ್ನ ಹೆಸರಿನಲ್ಲಿ.

ಫೋನನ್ನೂ ನನ್ನ ಹೆಸರಿಗೆ ಮಾಡಿಸಿಕೊಂಡೆ. ಅಂಗಡಿಯ ಹುಡುಗಿ, “ಇಷ್ಟು ದಿನ ಬೇರೆಯವರ ಹೆಸರಲ್ಲಿ ಹೆಂಗಿದ್ರಿ?” ಎಂದು ಕೇಳಿದಳು. ಆರಾಮಾಗಿದ್ದೆ ಅಂದೆ.

ದಾರೆ


ಬುಚನ್,
ನವೆಂಬರ್ 22

ಅಕ್ಕ,

ಸಮಿತಿಯ ಸಭೆಯಿಂದ ಈಗಷ್ಟೇ ಬಂದೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ನನ್ನ ಸರದಿ ಬಂದಾಗ ಎದ್ದು, “ನಾನು ಕಲ್ಲೇಡಿ. ನಿಜವಾದ ಹೆಸರು ಪ್ಯೊ ದಾರೆ. ನಾನು ಓದೋ ಈ ಮನವಿ ನಮ್ಮಕ್ಕ ಬರೆದದ್ದು. ನನ್ನ ಕಥೆ ಮುಚ್ಚಿಸಬೇಕು ಅಂತ ಸಹಿ ಕೂಡಿಸಿದವಳೂ ಅವಳೇ” ಅಂದೆ. ಸಭೆಯಲ್ಲಿ ಗುಜುಗುಜು ಎದ್ದಿತು. ನಿಮ್ಮ ಮುಖ್ಯೋಪಾಧ್ಯಾಯರೂ ಹಿಂದಿನ ಸಾಲಿನಲ್ಲಿದ್ದರಂತೆ, ಆಮೇಲೆ ಬಂದು ನನ್ನ ಕೈ ಕುಲುಕಿ ಏನೋ ಗೊಣಗಿ ಹೋದರು.

ನಿನ್ನ ಮನವಿ ಪೂರ್ತಿ ಓದಿದೆ. ‘ಒಪ್ಪಿಗೆಯಿಲ್ಲದೆ ಕದ್ದದ್ದನ್ನು ಅಶ್ಲೀಲ ಎಂದು ಕರೆಯಬೇಡಿ. ಹಾಗೆ ಕರೆದರೆ ಕಳ್ಳನ ಹೊಲಸು ಮಗುವಿನ ಮುಖಕ್ಕೆ ಮೆತ್ತಿಕೊಳ್ಳುತ್ತದೆ’ ಎಂಬ ಸಾಲನ್ನು ಬೇಕೆಂದೇ ನಿಧಾನವಾಗಿ ಓದಿದೆ. ಕಿವಿಗೆ ಯಂತ್ರ ಹಾಕಿಕೊಂಡ ಒಬ್ಬ ವಯಸ್ಸಾದ ಸದಸ್ಯರು, “ನೀವು ಬರೆಯೋದು ನಿಮ್ಮಕ್ಕನಿಗೆ ಇಷ್ಟಾನಾ?” ಅಂದರು. “ಅರ್ಧ ಇಷ್ಟ ಸಾರ್, ಅರ್ಧ ಬೋರಲು ಹಾಕಿ ನೀರು ಕುಡಿಯೋಕೆ ಹೋಗ್ತಾಳೆ” ಅಂದೆ. ನಕ್ಕರು. ಹೇಳಬೇಡ ಅಂದದ್ದು ಅಳು ಬಂದ ವಿಷಯ ಮಾತ್ರ ತಾನೇ? ಅದನ್ನು ಹೇಳಿಲ್ಲ.

ನಗು ಬಹಳ ಹೊತ್ತು ಇರಲಿಲ್ಲ. ಒಬ್ಬ ತಾಯಿ ಎದ್ದು ನಿಂತಳು. “ನನ್ನ ಮಗ ನನ್ನ ಫೋನಲ್ಲೇ ನಿಮ್ಮ ಕಥೆ ಓದಿದ್ದಾನೆ. ಅವನಿಗೆ ಹನ್ನೆರಡು. ನಿಮ್ಮ ಸ್ವಾತಂತ್ರ್ಯ ತಗೊಂಡು ನಾನೇನಮ್ಮಾ ಮಾಡ್ಲಿ?” ನಾನು ಮನೆಯಿಂದ ಒಳ್ಳೊಳ್ಳೆ ಮಾತು ಕಟ್ಟಿಕೊಂಡು ಹೋಗಿದ್ದೆ, ಅದನ್ನೆಲ್ಲ ಬದಿಗಿಟ್ಟೆ. ತಪ್ಪು ಅಂದೆ. ಅಂಗಡಿ ನಮ್ಮದು ಅಂದ ಮೇಲೆ ಬಾಗಿಲೂ ನಮ್ಮದೇ. ವರ್ಷಕ್ಕೊಮ್ಮೆ ಗುರುತು ಕೇಳಿ ಸುಮ್ಮನಾಗುವುದು ಸಾಲದು, ಒಳಗೆ ಬರುವಾಗೆಲ್ಲ ಗುಟ್ಟಿನ ಅಂಕಿ ಕೇಳಲಿ, ಹಾಗೆ ಮಾಡುವವರೆಗೆ ಹೊಸ ಕಂತು ಹಾಕುವುದಿಲ್ಲ ಎಂದು ತಾಣದವರಿಗೆ ಬರೆದಿದ್ದೇನೆ ಅಂದೆ. ಬರೆದಿರಲಿಲ್ಲ, ಹೊರಗೆ ಬಂದ ತಕ್ಷಣ ಬರೆದೆ. ಜೊತೆಗೆ ಇದನ್ನೂ ಹೇಳಿದೆ: ಯಾವ ದೊಡ್ಡವರು ಯಾವ ಕಥೆ ಓದಿದರು ಎಂದು ಎಲ್ಲೂ ಬರೆದಿಡಬೇಡಿ, ಅದು ಹೊರಗೆ ಬಿದ್ದರೆ ಏನಾಗುತ್ತದೆ ಎಂದು ನಮ್ಮಕ್ಕನನ್ನು ಕೇಳಿ. ಆ ತಾಯಿ ಒಪ್ಪಲಿಲ್ಲ. ಆದರೆ ಕೂತಳು.

ತೀರ್ಮಾನ ಇನ್ನೂ ಆಗಿಲ್ಲ. ಸಮಿತಿಯ ಅಧ್ಯಕ್ಷೆ ನಿಯಮದ ಕರಡನ್ನು ಎರಡಾಗಿ ಮಾಡಿಸಿದರು. ಒಪ್ಪಿಗೆಯಿಲ್ಲದೆ ಮಾಡಿದ್ದನ್ನು ದೂರು ಬಂದ ದಿನವೇ ತೆಗೆಸುವುದು ಒಂದು, ಅದು ಮೊದಲು ಮುಗಿಯಬೇಕು. ದೊಡ್ಡವರ ಕಥೆಗಳ ಬಾಗಿಲು ಹೇಗಿರಬೇಕು ಎನ್ನುವುದು ಬೇರೆ, ಅದಕ್ಕೆ ನನ್ನನ್ನೂ ಆ ತಾಯಿಯನ್ನೂ ಮತ್ತೆ ಕರೆಯುತ್ತಾರಂತೆ. ಜಗಳ ಗ್ಯಾರಂಟಿ. ನನಗೆ ನಿನ್ನ ಜೊತೆ ಆಡಿ ಅಭ್ಯಾಸವಿದೆ.

ದಾರೆ


ಯೊಸು,
ಡಿಸೆಂಬರ್ 6

ದಾರೆ,

ಬೋರಲು ಹಾಕಿ ನೀರು ಕುಡಿದದ್ದನ್ನು ದೇಶದ ಮುಂದೆ ಹೇಳಿದೆಯಾ? ಸಿಕ್ಕಾಗ ಕಿವಿ ಹಿಂಡುತ್ತೇನೆ.

ನನ್ನ ಕೆಲಸ ಉಳಿಯಿತು. ಮುಖ್ಯೋಪಾಧ್ಯಾಯರು ತಾವಾಗಿ ಕೊಠಡಿಗೆ ಬಂದು ತಲೆ ಬಗ್ಗಿಸಿದರು. ಗೂ ಅವರು ಸಾಸಿವೆ ಸೊಪ್ಪಿನ ಕಿಮ್ಚಿ ಡಬ್ಬಿ ಹಿಡಿದು ಬಂದು, “ನಾನು ಬಾಯಿ ಬಿಡಬಾರದಿತ್ತು ಟೀಚರ್” ಅಂದರು. ಡಬ್ಬಿ ಇಟ್ಟರೂ ಹೋಗಲಿಲ್ಲ. ಬಾಗಿಲ ಹತ್ತಿರ ನಿಂತು, ಅತ್ತ ಇತ್ತ ನೋಡಿ, “ಆ ಬಾಯ್ಲರ್‌ನವನು ಕೊನೇಗೆ ಅವಳನ್ನ ಮದುವೆ ಆಗ್ತಾನಾ?” ಅಂದರು. ನನಗೆ ನಗು ತಡೆಯಲಾಗಲಿಲ್ಲ. ಆದರೂ ಮಕ್ಕಳಿಗೆ ಬಾಗಿಲು ಹಾಕುವ ವಿಷಯದಲ್ಲಿ ಅವರು ಒಂದು ಅಂಗುಲವೂ ಬಗ್ಗಿಲ್ಲ, ನಾನೂ ಬಗ್ಗಿಲ್ಲ, ತಿಳಿದಿರಲಿ.

ಮನವಿಯ ಹೊಸ ಪ್ರತಿಯನ್ನು ಸೊದಾಮಳಿಗೆ ಕೊಟ್ಟೆ. ಎರಡು ಸಲ ಓದಿದಳು. ಮಾರನೆಯ ದಿನ ಬೆಳಿಗ್ಗೆ ಹಾಸಿಗೆಗೆ ಹೋಗಲಿಲ್ಲ, ನನ್ನ ಮೇಜಿನ ಎದುರು ಕೂತು ಗಣಿತ ಮಾಡಿದಳು.

ನಿನ್ನೆ ಶಾಲೆ ಮುಗಿಸುವವರ ಆಲ್ಬಮ್ಮಿಗೆ ಬಿಟ್ಟುಹೋದವರ ಫೋಟೊ ತೆಗೆಯಲು ಸ್ಟುಡಿಯೊದವನು ಬಂದಿದ್ದ. ಈ ವರ್ಷ ಎಷ್ಟೋ ಹುಡುಗಿಯರು ನಮ್ಮ ಫೋಟೊನೇ ಬೇಡ ಎಂದು ಬರೆದುಕೊಟ್ಟಿದ್ದಾರೆ, ಯಾರನ್ನೂ ಬಲವಂತ ಮಾಡುವ ಹಾಗಿಲ್ಲ. ಸೊದಾಮಳ ಹೆಸರನ್ನು ನಾನು ಕರೆಯಲೂ ಇಲ್ಲ. ಅವಳೇ ಎದ್ದು, “ಟೀಚರ್, ಜೊತೆಗೆ ಬರ್ತೀರಾ?” ಅಂದಳು. ಹೋದೆ.

ಸ್ಟೂಲಿನ ಮೇಲೆ ಕೂತಳು. ಆ ಮನುಷ್ಯ ಕ್ಯಾಮೆರಾ ಎತ್ತಿದ. ಸೊದಾಮ್ ಅಂಗೈ ಅಡ್ಡ ಹಿಡಿದಳು.

“ತಡೀರಿ.”

ಅವನು ಕ್ಯಾಮೆರಾ ಇಳಿಸಿ ಕಾದ. ಅವಳು ಕೂದಲು ಕಿವಿಯ ಹಿಂದಕ್ಕೆ ಸರಿಸಿಕೊಂಡಳು, ಕೊರಳಪಟ್ಟಿ ನೇರ ಮಾಡಿಕೊಂಡಳು, ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಕ್ಯಾಮೆರಾ ಕಡೆ ತಿರುಗಿ,

“ಹ್ಞಾಂ, ಈಗ ತೆಗೀರಿ” ಅಂದಳು.

ಇನ್‌ಸುಕ್